ಎರಡು ಹಲಗೆ, ಒಂದೇ ರೇಟು: ಬಳ್ಳಾರಿಯ ಒಂದು ಹಳೆ ಪುಸ್ತಕದಂಗಡಿ

ಬಳ್ಳಾರಿಯಲ್ಲಿ ಇಂಗ್ಲಿಷ್ ಸೈನ್ಸ್ ಫಿಕ್ಷನ್ ಕಾದಂಬರಿ ಎಲ್ಲಿ ಸಿಗುತ್ತೆ ಅಂತ ಯಾರಾದರೂ ಕೇಳಿದರೆ ಈಗ ನಾನು ಹೇಳುವುದು ಒಂದೇ ಜಾಗ. ಬೆಂಗಳೂರು ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿ, ಜೀನ್ಸ್ ಹೊಲಿಯುವ ಶೆಡ್ಡಿನ ಪಕ್ಕ ಇರುವ ಹಳೆ ಪುಸ್ತಕದ ಅಂಗಡಿ. ಬೋರ್ಡ್ ಇಲ್ಲ. ಹೊರಗಡೆ ಎಸ್ಸೆಸ್ಸೆಲ್ಸಿ ಗೈಡು, ನೀಟ್ ಪುಸ್ತಕ, ಪೊಲೀಸ್ ಪರೀಕ್ಷೆಯ ಹಳೆ ಪ್ರಶ್ನೆಪತ್ರಿಕೆ ಪೇರಿಸಿಟ್ಟಿರುತ್ತಾರೆ. ಅದನ್ನು ನೋಡಿ ವಾಪಸ್ ಹೋಗಬೇಡಿ. ಒಳಗೆ ಬಲಗಡೆ ಗೋಡೆಗೆ ಒಂದು ಕಬ್ಬಿಣದ ರ‍್ಯಾಕ್ ಇದೆ. ನಾನು ಬರೆಯುತ್ತಿರುವುದು ಆ ರ‍್ಯಾಕ್ ಬಗ್ಗೆ.

ರ‍್ಯಾಕಿನಲ್ಲಿ ಸ್ಟಾರ್ ವಾರ್ಸ್ ಕಾದಂಬರಿಗಳಿಗೆ ಎರಡು ಹಲಗೆ. ಮೇಲಿನ ಹಲಗೆಯ ಅಂಚಿಗೆ ಒಂದು ಚೀಟಿ ಅಂಟಿಸಿದ್ದಾರೆ: "ಈಗ ಲೆಕ್ಕಕ್ಕೆ ಇರೋದು". ಕೆಳಗಿನ ಹಲಗೆಯ ಚೀಟಿ: "2014ರ ತನಕ ಲೆಕ್ಕಕ್ಕೆ ಇದ್ದದ್ದು". ನೀಲಿ ಸ್ಕೆಚ್ ಪೆನ್ನಿನಲ್ಲಿ, ಶಾಲೆಯ ಚಾರ್ಟಿನ ಮೇಲೆ ಬರೆಯುವಂಥ ದುಂಡಗಿನ ಅಕ್ಷರ. ಅಂಗಡಿಯವರ ಮಗಳು ಬರೆದದ್ದು. ಡಿಗ್ರಿ ಓದುತ್ತಿದ್ದಾಳೆ, ಸಾಯಂಕಾಲ ಮತ್ತು ಭಾನುವಾರ ಅಂಗಡಿಯಲ್ಲಿ ಇರುತ್ತಾಳೆ. ದೊಡ್ಡ ದೊಡ್ಡ ಮಾಲ್‌ಗಳ ಪುಸ್ತಕದಂಗಡಿಯಲ್ಲೂ ನಾನು ಈ ಥರ ವಿಂಗಡಿಸಿ ಇಟ್ಟದ್ದು ನೋಡಿಲ್ಲ. ಅಲ್ಲಿ ಲೇಖಕರ ಹೆಸರಿನ ಪ್ರಕಾರ ಇಟ್ಟುಬಿಡುತ್ತಾರೆ, ಮುಗೀತು.

ಈ ಚೀಟಿ ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕು. ಸ್ಟಾರ್ ವಾರ್ಸ್ ಮೊದಲ ಸಿನಿಮಾ ಬಂದದ್ದು 1977ರಲ್ಲಿ. 1983ಕ್ಕೆ ಮೂರು ಸಿನಿಮಾ ಮುಗಿದವು. ಆಮೇಲೆ ಹೊಸ ಸಿನಿಮಾ ಬಂದದ್ದು 1999ಕ್ಕೆ. ಈ ಮಧ್ಯದ ವರ್ಷಗಳಲ್ಲಿ ಕಥೆಯನ್ನು ಮುಂದೆ ಕೊಂಡುಹೋದದ್ದು ಕಾದಂಬರಿ ಮತ್ತು ಕಾಮಿಕ್ಸ್. 1991ರಲ್ಲಿ ಟಿಮೊಥಿ ಝಾನ್ ಬರೆದ 'ಏರ್ ಟು ದಿ ಎಂಪೈರ್' ಬಂತು. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿಂದ ನೂರಾರು ಪುಸ್ತಕ ಬಂದವು. ಸಿನಿಮಾದ ಮುಖ್ಯ ಪಾತ್ರಗಳಾದ ಹಾನ್ ಮತ್ತು ಲೇಯಾಗೆ ಮದುವೆಯಾಯಿತು, ಮಕ್ಕಳಾದವು. ಸಿನಿಮಾದ ನಾಯಕ ಲ್ಯೂಕ್ ಮಾರಾ ಜೇಡ್ ಎಂಬವಳನ್ನು ಮದುವೆಯಾದ. 1999ರ ಒಂದು ಕಾದಂಬರಿಯಲ್ಲಿ ಹಾನ್‌ನ ಜೊತೆಗಾರ ಚ್ಯೂಬಾಕಾ ಸತ್ತೇಹೋದ. ಒಂದು ಗ್ರಹದ ಚಂದ್ರನೇ ಬಂದು ಅದರ ಮೇಲೆ ಬೀಳುತ್ತೆ, ಹಾನ್‌ನ ಮಗನನ್ನು ಉಳಿಸಲು ಹೋದ ಚ್ಯೂಬಾಕಾ ಅಲ್ಲೇ ಉಳಿದುಬಿಡುತ್ತಾನೆ. ಓದಿದವರು ಅತ್ತಿದ್ದರು.

2012ರಲ್ಲಿ ಡಿಸ್ನಿ ಸುಮಾರು 4 ಬಿಲಿಯನ್ ಡಾಲರ್ ಕೊಟ್ಟು ಸ್ಟಾರ್ ವಾರ್ಸ್ ತೆಗೆಯುವ ಕಂಪನಿ ಲ್ಯೂಕಾಸ್‌ಫಿಲ್ಮ್ ಕೊಂಡಿತು. ಹೊಸ ಸಿನಿಮಾ ಮಾಡಬೇಕಿತ್ತು. 2014ರ ಏಪ್ರಿಲ್ 25ರಂದು ಪ್ರಕಟಣೆ ಬಂತು: ಆರು ಸಿನಿಮಾ ಮತ್ತು 'ಕ್ಲೋನ್ ವಾರ್ಸ್' ಕಾರ್ಟೂನ್ ಇವಿಷ್ಟೇ ನಡೆದ ಕಥೆ. ಇನ್ನು ಮುಂದೆ ಬರುವ ಪುಸ್ತಕ, ಕಾಮಿಕ್ಸ್, ಗೇಮ್ ಎಲ್ಲವೂ ಸಿನಿಮಾದ ಜೊತೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಿಂದಿನ ಕಾದಂಬರಿಗಳೆಲ್ಲ 'ಲೆಜೆಂಡ್ಸ್' ಅನ್ನುವ ಹೆಸರಿಗೆ ಹೋದವು. ಮುದ್ರಣ ನಿಲ್ಲಿಸಲಿಲ್ಲ, ಆದರೆ ಮುಖಪುಟದ ಮೇಲೆ ಆ ಹೆಸರು ಬಂತು. ಕಂಪನಿಯೇ ಒಪ್ಪಿಕೊಂಡ ಕಥೆಯನ್ನು ಅಭಿಮಾನಿಗಳು ಕ್ಯಾನನ್ ಅನ್ನುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಓದಿಕೊಂಡು ಬಂದ ಕಥೆ ಒಂದೇ ದಿನದಲ್ಲಿ ಕ್ಯಾನನ್‌ನಿಂದ ಆಚೆ ಹೋಯಿತು.

ಈ ಅಂಗಡಿಗೆ ಬರುವ ಹೆಚ್ಚಿನ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಆದರೆ ದುಡ್ಡು ಕೊಡುವ ಮುಂಚೆ ಯಾರಾದರೂ ಹೇಳಬೇಕಲ್ವಾ? ಆನ್‌ಲೈನ್ ಸೈಟ್ ಒಂದರಲ್ಲಿ ಥ್ರಾನ್ (ಝಾನ್ ಸೃಷ್ಟಿಸಿದ ಅಡ್ಮಿರಲ್ ಪಾತ್ರ) ಪುಸ್ತಕಗಳ ಸೆಟ್ ಅಂತ ಹಾಕಿದ್ದರು, ಒಂದು, ಎರಡು, ಮೂರು ಅಂತ ನಂಬರ್ ಸಮೇತ. ತರಿಸಿದೆ. ಬಂದದ್ದು 1991ರ ಪುಸ್ತಕ ಒಂದು, 2017ರದ್ದು ಒಂದು, ಮತ್ತೆ 1993ರದ್ದು ಒಂದು. ಇವು ಒಂದೇ ಸಾಲಿನ ಕಥೆಯೇ ಅಲ್ಲ. ದೂರು ಕೊಟ್ಟರೆ "ಲೇಖಕರು ಒಬ್ಬರೇ, ಪಾತ್ರ ಒಂದೇ" ಅಂತ ಉತ್ತರ ಬಂತು.

ಅದೇ ವಿಷಯವನ್ನು ಈ ಅಂಗಡಿಯ ಹುಡುಗಿ ಹೇಗೆ ನಿಭಾಯಿಸುತ್ತಾಳೆ ಅಂತ ಕಣ್ಣಾರೆ ನೋಡಿದ್ದೇನೆ. ಪಿಯು ಓದುವ ಹುಡುಗನೊಬ್ಬ ಬಂದಿದ್ದ. ಸ್ಟಾರ್ ವಾರ್ಸ್‌ನ 'ಅಸೋಕಾ' ಸೀರೀಸ್ ನೋಡಿದ್ದನಂತೆ, ಅದರಲ್ಲಿ ಬರುವ ನೀಲಿ ಮೈಯ, ಕೆಂಪು ಕಣ್ಣಿನ ಅಡ್ಮಿರಲ್ ಬಗ್ಗೆ ಪುಸ್ತಕ ಬೇಕಂತೆ. ಅವಳು ಎರಡು ಹಲಗೆಯಿಂದಲೂ ಒಂದೊಂದು ಪುಸ್ತಕ ತೆಗೆದಳು. ಎರಡನ್ನೂ ಮುಂದಿನ ಪುಟಕ್ಕೆ ತೆರೆದು, ಪ್ರಕಟವಾದ ವರ್ಷದ ಮೇಲೆ ಬೆರಳಿಟ್ಟು ತೋರಿಸಿದಳು.

"ನೋಡಪ್ಪಾ, ಇದರಾಗ ಇರೋನೂ ಥ್ರಾನೇ, ಇದರಾಗ ಇರೋನೂ ಥ್ರಾನೇ. ಬರದೋರೂ ಒಬ್ಬರೇ. ಆದ್ರ ಇಬ್ಬರ ಜೀವನ ಬ್ಯಾರೆ ಬ್ಯಾರೆ. ನೀ ಟಿವಿಯಾಗ ನೋಡಿದೋನು ಈ ಹೊಸಾದ್ರಾಗ ಇರೋನು."

"ಹಂಗಾದ್ರ ಹಳೇದು ಬ್ಯಾಡೇನಕ್ಕಾ?"

"ಬ್ಯಾಡ ಅಂತ ಯಾರಂದ್ರು? ಅದು ಇನ್ನೂ ಚೊಲೋ ಐತಿ. ಆದ್ರ ಟಿವಿ ಕಥಿಗೆ ಹೊಂದಂಗಿಲ್ಲ, ಅಷ್ಟು ತಿಳ್ಕೊಂಡು ಓದು."

ಹುಡುಗ ಎರಡನ್ನೂ ತಗೊಂಡು ಹೋದ. ಎಷ್ಟು ಸರಿಯಾಗಿ ಹೇಳಿದಳು ಅಂತ ನನಗೆ ತುಂಬಾ ಖುಷಿಯಾಯಿತು. 1991ರಿಂದ 1993ರ ತನಕ ಬಂದ ಝಾನ್‌ರ ಮೂರು ಪುಸ್ತಕ ಕೆಳಗಿನ ಹಲಗೆಯವು. 2016ರಲ್ಲಿ ಥ್ರಾನ್‌ನನ್ನು 'ರೆಬೆಲ್ಸ್' ಕಾರ್ಟೂನ್ ಸೀರೀಸ್ ವಾಪಸ್ ತಂದಿತು. 2017ರಲ್ಲಿ ಝಾನ್‌ರೇ ಅವನ ಕಥೆಯನ್ನು ಹೊಸದಾಗಿ, ಮೊದಲಿನಿಂದ ಬರೆದರು. 2023ರ 'ಅಸೋಕಾ'ದಲ್ಲಿ ಅವನು ನಟರ ರೂಪದಲ್ಲಿ ಬಂದ. ಕಾರ್ಟೂನ್‌ನಲ್ಲಿ ದನಿ ಕೊಟ್ಟಿದ್ದ ಲಾರ್ಸ್ ಮಿಕೆಲ್ಸನ್ ಇಲ್ಲೂ ಅದೇ ಪಾತ್ರ ಮಾಡಿದರು. ಅಂದರೆ ಪಾತ್ರ ಒಳಗೆ ಬಂತು, ಅವನ ಹಳೆ ಜೀವನ ಆಚೆಯೇ ಉಳಿಯಿತು. ಮಾರಾ ಜೇಡ್‌ಗೆ ಆ ಭಾಗ್ಯವೂ ಬರಲಿಲ್ಲ. ಅವಳು ಇನ್ನೂ ಕೆಳಗಿನ ಹಲಗೆಯಲ್ಲೇ ಇದ್ದಾಳೆ.

ಕೆಳಗಿನ ಹಲಗೆಯಿಂದ ಮೇಲಕ್ಕೆ ಹೋದದ್ದು ಇನ್ನೂ ಇದೆ. ಇಡೀ ಗ್ರಹವೇ ಒಂದು ಊರಾಗಿರುವ ಕೊರಸಾಂಟ್ ಎಂಬ ರಾಜಧಾನಿ ಗೊತ್ತಲ್ವಾ? ಆ ಹೆಸರು ಕೊಟ್ಟದ್ದು ಝಾನ್, ತಮ್ಮ ಕಾದಂಬರಿಯಲ್ಲಿ. 1999ರ ಸಿನಿಮಾದಲ್ಲಿ ಸ್ಟಾರ್ ವಾರ್ಸ್ ಹುಟ್ಟುಹಾಕಿದ ಜಾರ್ಜ್ ಲ್ಯೂಕಾಸ್ ಅದನ್ನೇ ಬಳಸಿಕೊಂಡರು.

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಲೇಬೇಕು. ತೋರಣಗಲ್ಲಿನ ಒಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ಒಂದು ಪೈಪ್‌ಲೈನಿನ ಡ್ರಾಯಿಂಗ್ ಬದಲಾದರೆ ಹೊಸದಕ್ಕೆ ಹೊಸ ರಿವಿಷನ್ ನಂಬರ್ ಕೊಡುತ್ತೇವೆ. ಹಳೆಯದರ ಮೇಲೆ ಕೆಂಪು ಸೀಲ್ ಒತ್ತಿ ಬೀರುವಿನಲ್ಲಿ ಇಡುತ್ತೇವೆ. ಸೀಲ್ ಬಿತ್ತು ಅಂದರೆ ಆ ಡ್ರಾಯಿಂಗ್ ಕೆಟ್ಟದ್ದು ಅಂತಲ್ಲ. ಎಷ್ಟೋ ಸಲ ಹಳೆಯದನ್ನೇ ಹೆಚ್ಚು ಚೆನ್ನಾಗಿ ಬರೆದಿರುತ್ತಾರೆ. ನಾಳೆ ವೆಲ್ಡಿಂಗ್‌ಗೆ ಕೂರುವವನು ಯಾವ ಕಾಗದ ನೋಡಿ ಕೆಲಸ ಮಾಡಬೇಕು ಅನ್ನುವುದಷ್ಟೇ ಆ ಸೀಲು ಹೇಳುವುದು. ಕ್ಯಾನನ್ ಅನ್ನುವುದೂ ಇಷ್ಟೇ. ಮುಂದಿನ ಕಥೆ ಬರೆಯುವವನು ಯಾವುದರ ಮೇಲೆ ಕಟ್ಟಬೇಕು ಅಂತ ಅದು ಹೇಳುತ್ತೆ. ಯಾವುದು ಓದಲು ಯೋಗ್ಯ ಅಂತ ಹೇಳುವುದು ಅದರ ಕೆಲಸವೇ ಅಲ್ಲ. ಈ ಅಂಗಡಿಯವರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ ಅಂತ ನನಗೆ ಗೊತ್ತಾದದ್ದು ರೇಟು ನೋಡಿದ ಮೇಲೆ.

ರೇಟನ್ನು ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ಚಿಕ್ಕ ಸೈಜಿನ ಪೇಪರ್‌ಬ್ಯಾಕ್ 100ರಿಂದ 150 ರೂಪಾಯಿ. ದಪ್ಪ ರಟ್ಟಿನದು 250ರ ಆಸುಪಾಸು. ಓದಿ ವಾಪಸ್ ಕೊಟ್ಟರೆ ಅರ್ಧ ದುಡ್ಡು. ಎರಡು ಹಲಗೆಗೂ ಒಂದೇ ಲೆಕ್ಕ. "ಕ್ಯಾನನ್ ಅಲ್ಲದ್ದಕ್ಕೆ ಕಮ್ಮಿ ಇಲ್ವಾ ಭಾಯ್?" ಅಂತ ಕೇಳಿದ್ದೆ. "ಪುಟ ಅಷ್ಟೇ ಅದಾವಲ್ರೀ ಮೇಡಂ, ಓದಾಕ ಹಿಡಿಯೋ ಟೈಮೂ ಅಷ್ಟೇ" ಅಂದರು. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆ.

ವಿಂಗಡಣೆ ಎಷ್ಟು ಯೋಚಿಸಿ ಮಾಡಿದ್ದಾರೆ ಅನ್ನುವುದಕ್ಕೆ ಇನ್ನೊಂದು ಪುಸ್ತಕ ತೋರಿಸುತ್ತೇನೆ. ಮೊದಲ ಸಿನಿಮಾದ ಕಾದಂಬರಿ ರೂಪ, ಮೇಲಿನ ಹಲಗೆಯ ಕೊನೆಯಲ್ಲಿ, ನಿಲ್ಲಿಸದೆ ಅಡ್ಡಕ್ಕೆ ಮಲಗಿಸಿ ಇಟ್ಟಿತ್ತು. ಅದು ಸಿನಿಮಾಕ್ಕೂ ಮುಂಚೆ, 1976ರಲ್ಲೇ ಬಂದದ್ದು. ಮುಖಪುಟದಲ್ಲಿ ಲ್ಯೂಕಾಸ್ ಹೆಸರು, ಬರೆದದ್ದು ಆಲನ್ ಡೀನ್ ಫಾಸ್ಟರ್. ಸಿನಿಮಾದ ಯುದ್ಧದಲ್ಲಿ ಲ್ಯೂಕ್ ರೆಡ್ ಫೈವ್ ಅನ್ನುವ ಗುರುತಿನ ಹೆಸರಲ್ಲಿ ಹಾರುತ್ತಾನೆ. ಈ ಪುಸ್ತಕದಲ್ಲಿ ಅವನು ಬ್ಲೂ ಫೈವ್. ಸಿನಿಮಾದ ಕಾದಂಬರಿಗಳ ವಿಷಯದಲ್ಲಿ ಪದ್ಧತಿ ಹೀಗಿದೆ: ಸಿನಿಮಾಕ್ಕೆ ಹೊಂದುವಷ್ಟು ಭಾಗ ಕ್ಯಾನನ್, ಹೊಂದದಿದ್ದರೆ ಸಿನಿಮಾದ ಮಾತೇ ಮಾತು. ಅರ್ಧ ಒಳಗೆ, ಅರ್ಧ ಹೊರಗೆ. ಅದಕ್ಕೇ ಅಡ್ಡ ಮಲಗಿಸಿದ್ದು ಅಂತ ಹುಡುಗಿ ಹೇಳಿದಳು.

ಅದೇ ಫಾಸ್ಟರ್ 1978ರಲ್ಲಿ ಬರೆದ 'ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ' ಕೆಳಗಿನ ಹಲಗೆಯಲ್ಲಿ ಸಿಕ್ಕಿತು, ನಾನು ತಗೊಂಡೆ. ಮೊದಲ ಸಿನಿಮಾ ಅಷ್ಟಾಗಿ ಓಡದಿದ್ದರೆ ಕಮ್ಮಿ ಖರ್ಚಿನಲ್ಲಿ ಎರಡನೆಯದನ್ನು ತೆಗೆಯಲು ಆಗುವ ಹಾಗೆ ಬರೆಸಿದ ಕಥೆ ಅದು. ಹಾನ್ ಸೋಲೋ ಅದರಲ್ಲಿ ಇಲ್ಲವೇ ಇಲ್ಲ, ಮುಂದಿನ ಸಿನಿಮಾಕ್ಕೆ ಆ ಪಾತ್ರ ಮಾಡುವ ಹ್ಯಾರಿಸನ್ ಫೋರ್ಡ್ ಆಗಿನ್ನೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಲ್ಯೂಕ್‌ಗೆ ಲೇಯಾ ಮೇಲೆ ಮನಸ್ಸಿರುವ ಹಾಗೆ ಬರೆದಿದ್ದಾರೆ. ಇಬ್ಬರೂ ಅಣ್ಣತಂಗಿ ಅಂತ ಸಿನಿಮಾದಲ್ಲಿ ಗೊತ್ತಾದದ್ದು 1983ರಲ್ಲಿ. ಈ ಪುಸ್ತಕ ಯಾಕೆ ಕೆಳಗಿನ ಹಲಗೆಯಲ್ಲಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಆದರೂ ಓದಬೇಕು. ಸಿನಿಮಾ ಗೆಲ್ಲುತ್ತೋ ಇಲ್ಲವೋ ಅಂತ ಯಾರಿಗೂ ಗೊತ್ತಿರದಿದ್ದಾಗ ಈ ಕಥೆ ಯಾವ ಕಡೆ ತಿರುಗಬಹುದಿತ್ತು ಅನ್ನುವುದು ಅದರಲ್ಲಿದೆ.

ಒಂದು ಕೊರತೆ ಹೇಳುತ್ತೇನೆ. ಕೆಳಗಿನ ಹಲಗೆಯ ಚೀಟಿ ಅಷ್ಟು ಸರಳವಾಗಿದ್ದರೆ ಸಾಲದು. 2014ರ ತನಕ ಆ ಪುಸ್ತಕಗಳೆಲ್ಲ ಸಿನಿಮಾಕ್ಕೆ ಸಮ ಅಂತ ಅದನ್ನು ಓದಿದವರಿಗೆ ಅನಿಸಬಹುದು. ಹಾಗಿರಲಿಲ್ಲ. ಲ್ಯೂಕಾಸ್‌ಫಿಲ್ಮ್‌ನಲ್ಲಿ ಲೀಲ್ಯಾಂಡ್ ಚೀ ಎಂಬವರು 2000ದಿಂದ ಹೊಲೊಕ್ರಾನ್ ಅನ್ನುವ ದೊಡ್ಡ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಮೆಟ್ಟಿಲುಗಳಿದ್ದವು. ಲ್ಯೂಕಾಸ್‌ರ ಸಿನಿಮಾ 'ಜಿ', ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಟಿವಿಯ 'ಟಿ', ಅದರ ಕೆಳಗೆ ಕಾದಂಬರಿ ಕಾಮಿಕ್ಸ್‌ನ 'ಸಿ', ಆಮೇಲೆ ಹಳೆಯ ಚಿಲ್ಲರೆ ಕಥೆಗಳ 'ಎಸ್'. ಮೇಲಿನದು ಏನಾದರೂ ಹೇಳಿದರೆ ಕೆಳಗಿನದು ಸುಮ್ಮನಾಗಬೇಕು. ಅಂದರೆ ಕಾದಂಬರಿಗಳು ಮೊದಲಿನಿಂದಲೂ ಸಿನಿಮಾ ಹೇಳಿದಂತೆ ಕೇಳಬೇಕಾದವೇ. ಇದನ್ನು ಹುಡುಗಿಗೆ ಹೇಳಿದೆ. ಬರೆದುಕೊಂಡಳು.

2014ರ ತೀರ್ಮಾನದ ಬಗ್ಗೆ ನನ್ನ ಅಭಿಪ್ರಾಯ ಇದು: ತೀರ್ಮಾನ ಸರಿ, ಮಾಡಿದ ರೀತಿ ಸರಿಯಲ್ಲ. ಚ್ಯೂಬಾಕಾ ಸತ್ತ ಕಥೆಯನ್ನು ಒಪ್ಪಿಕೊಂಡು 2015ರ ಸಿನಿಮಾ ಮಾಡುವುದು ಆಗದ ಮಾತು. ಥಿಯೇಟರಿಗೆ ಬರುವವರಿಗೆ ನೂರಾರು ಪುಸ್ತಕ ಓದಿಕೊಂಡು ಬನ್ನಿ ಅಂತ ಹೇಳೋಕಾಗಲ್ಲ. ಆದರೆ ಅಷ್ಟು ವರ್ಷ ಜೊತೆಗಿದ್ದ ಓದುಗರಿಗೆ ಒಂದು ಕೊನೆಯ ಪುಸ್ತಕ ಕೊಡಬಹುದಿತ್ತು. ಹಾನ್ ಮತ್ತು ಲೇಯಾ ಮಗಳು ಜೈನಾ ಬಗ್ಗೆ ಬರೆಸುತ್ತೇವೆ ಅಂತ ಹೇಳಿದ್ದ ಮೂರು ಪುಸ್ತಕ ಕೂಡ ಬರಲಿಲ್ಲ. ಕಥೆ ಅರ್ಧಕ್ಕೇ ನಿಂತುಹೋಯಿತು.

ಇನ್ನೊಂದು ಸೈನ್ಸ್ ಫಿಕ್ಷನ್ ಸರಣಿ ಸ್ಟಾರ್ ಟ್ರೆಕ್‌ನವರು ಇದನ್ನು ಚೆನ್ನಾಗಿ ಮಾಡಿದರು. ಅಲ್ಲಿ ರೂಢಿ ಮೊದಲಿನಿಂದಲೂ ಬೇರೆ: ಪರದೆಯ ಮೇಲೆ ಬಂದದ್ದು ಮಾತ್ರ ಕ್ಯಾನನ್, ಕಾದಂಬರಿ ಯಾವತ್ತೂ ಅಲ್ಲ. ಆದರೂ ಕಾದಂಬರಿಕಾರರು ತಮ್ಮದೇ ಒಂದು ಉದ್ದನೆಯ ಕಥೆ ಕಟ್ಟಿಕೊಂಡು ಹೋಗಿದ್ದರು. 2020ರಲ್ಲಿ 'ಪಿಕಾರ್ಡ್' ಸೀರೀಸ್ ಬಂದು ಅದಕ್ಕೆ ಪೂರ್ತಿ ಬೇರೆ ಭವಿಷ್ಯ ತೋರಿಸಿತು. ಆಗ 2021ರಲ್ಲಿ 'ಕೋಡಾ' ಎಂಬ ಮೂರು ಕಾದಂಬರಿ ತಂದು, ತಮ್ಮ ಕಥೆಗೆ ತಾವೇ ಮುಕ್ತಾಯ ಬರೆದರು. ಓದುಗರಿಗೆ ಕೊಡುವ ಮರ್ಯಾದೆ ಅಂದರೆ ಅದು.

ಅಂಗಡಿಯಲ್ಲಿ ಟ್ರೆಕ್‌ಗೆ ಒಂದೇ ಹಲಗೆ. ಚೀಟಿ ಇಲ್ಲ, ಬೇಕಾಗಿಯೂ ಇಲ್ಲ, ಅಲ್ಲಿರುವುದೆಲ್ಲ ಒಂದೇ ಕಡೆಯದು. 'ಕೋಡಾ' ಮೂರೂ ಇಲ್ಲ, ಅದು ಬೇಸರ. ಆದರೆ ವೊಂಡಾ ಮ್ಯಾಕ್‌ಇಂಟೈರ್ 1981ರಲ್ಲಿ ಬರೆದ 'ದಿ ಎಂಟ್ರೋಪಿ ಎಫೆಕ್ಟ್' ಇತ್ತು. ಅದನ್ನು ಕೈಯಲ್ಲಿ ಹಿಡಿಯುವುದೇ ನನಗೆ ದೊಡ್ಡದು. ಟ್ರೆಕ್‌ನ ಅಧಿಕಾರಿ ಸೂಲುಗೆ ಹಿಕಾರು ಅನ್ನುವ ಹೆಸರು ಮೊದಲು ಬಂದದ್ದು ಈ ಕಾದಂಬರಿಯಲ್ಲಿ. ಹತ್ತು ವರ್ಷ ಆದಮೇಲೆ, 1991ರ ಆರನೇ ಸಿನಿಮಾದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದರು, ಅಲ್ಲಿಗೆ ಅದು ಕ್ಯಾನನ್ ಆಯಿತು. ಕ್ಯಾಪ್ಟನ್ ಕಿರ್ಕ್‌ನ ನಡುವಿನ ಹೆಸರು ಟೈಬೀರಿಯಸ್ ಕೂಡ ಹೀಗೇ. ಅದು ಬಂದದ್ದು 1970ರ ದಶಕದ ಕಾರ್ಟೂನ್ ಸೀರೀಸ್‌ನಿಂದ. ಆ ಸೀರೀಸನ್ನು ಲೆಕ್ಕಕ್ಕೆ ತಗೊಳ್ಳಬೇಡಿ ಅಂದ ಕಾಲವೂ ಇತ್ತು. ಅದೇ ಆರನೇ ಸಿನಿಮಾ ಆ ಹೆಸರನ್ನೂ ಒಳಗೆ ತಂದಿತು. ಪರದೆಯ ಮೇಲೆ ಬಂದದ್ದೆಲ್ಲ ಗಟ್ಟಿ ಅನ್ನುವುದಾದರೆ 1966ರ ಒಂದು ಎಪಿಸೋಡಿನಲ್ಲಿ ಕಿರ್ಕ್‌ನ ಗೋರಿಕಲ್ಲಿನ ಮೇಲೆ ಜೇಮ್ಸ್ ಆರ್. ಕಿರ್ಕ್ ಅಂತ ಕೆತ್ತಿದೆ. ಟಿ ಅಲ್ಲ, ಆರ್. ಪರದೆಯೇ ಪರದೆಗೆ ಹೊಂದಲಿಲ್ಲ.

ಬ್ರಿಟಿಷ್ ಟಿವಿ ಸೀರೀಸ್ ಡಾಕ್ಟರ್ ಹೂ ಬೇಕಾದವರು ಇಲ್ಲಿಗೆ ಬರಬೇಡಿ. ಟಾರ್ಗೆಟ್ ಪ್ರಕಾಶನದ ತೆಳ್ಳನೆಯ ಪುಸ್ತಕ ಕೆಲವು ಇವೆ, ಅಷ್ಟೇ. ಹೇಗೂ ಬಿಬಿಸಿ ಇದು ಕ್ಯಾನನ್, ಇದು ಅಲ್ಲ ಅಂತ ಗೆರೆ ಎಳೆದೇ ಇಲ್ಲ, ಹಾಗಾಗಿ ಚೀಟಿಯ ಕೆಲಸವೂ ಇಲ್ಲ.

ಇನ್ನು ಅಂಗಡಿಯ ತೊಂದರೆಗಳು. ಒಳಗೆ ಒಂದೇ ಟ್ಯೂಬ್‌ಲೈಟ್, ರ‍್ಯಾಕಿನ ಕೆಳಗಿನ ಹಲಗೆಗೆ ಬೆಳಕು ಬೀಳಲ್ಲ. ಮೊಬೈಲ್ ಟಾರ್ಚ್ ಹಾಕಿಕೊಂಡು ಕೂತು ನೋಡಬೇಕು, ಕೂರಲು ಸ್ಟೂಲ್ ಕೂಡ ಇಲ್ಲ. ಪಕ್ಕದ ಶೆಡ್ಡಿನಿಂದ ಜೀನ್ಸ್ ದಾರದ ಚೂರು ಹಾರಿಬಂದು ಪುಟಗಳ ಮಧ್ಯೆ ಸೇರಿಕೊಂಡಿರುತ್ತೆ. ಮನೆಗೆ ತಂದ ಪ್ರತಿ ಪುಸ್ತಕವನ್ನೂ ನಾನು ಹೊಸ್ತಿಲ ಹೊರಗೇ ಕೊಡವಿ ಒಳಗೆ ತರುತ್ತೇನೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಹೋಗಲೇಬೇಡಿ, ತಗಡಿನ ಸೂರು, ನಿಲ್ಲೋಕಾಗಲ್ಲ. ಸೀರೀಸ್ ಪೂರ್ತಿ ಸಿಗುತ್ತೆ ಅನ್ನುವ ನಂಬಿಕೆಯೂ ಬೇಡ. ಪುಸ್ತಕ ಬರುವುದು ಹೈದರಾಬಾದಿನ ಅಬಿಡ್ಸ್ ಭಾನುವಾರದ ಸಂತೆಯಿಂದ, ಮತ್ತೆ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ. ಲಾಟಿನಲ್ಲಿ ಏನು ಬಂತೋ ಅದು. ಮೊದಲ ಭಾಗ ಇದ್ದರೆ ಎರಡನೆಯದು ಇರಲ್ಲ. ಫೋನಿನಲ್ಲಿ ಕೇಳಿದರೆ "ಬಂದು ನೋಡ್ರೀ" ಅನ್ನುತ್ತಾರೆ, ಹುಡುಕಿ ಹೇಳುವುದಿಲ್ಲ. ಹೊರ ಊರಿನವರಿಗೆ ಇದು ಕಷ್ಟ.

ಒಳ್ಳೆಯದು ಅಂದರೆ, ಬೇಕಾದ ಪುಸ್ತಕದ ಹೆಸರು ಅವರ ನೋಟ್‌ಬುಕ್ಕಿನಲ್ಲಿ ಬರೆಸಿಬಂದರೆ ಮರೆಯಲ್ಲ. 'ಡಾರ್ಕ್ ಫೋರ್ಸ್ ರೈಸಿಂಗ್', ಅಂದರೆ 1992ರ ಎರಡನೇ ಭಾಗವನ್ನು ನನಗಾಗಿ ತೆಗೆದಿಟ್ಟಿದ್ದರು. ಬೆನ್ನಿನ ಅಂಟು ಬಿಟ್ಟಿತ್ತು. ಹೇಳುವ ಮುಂಚೆಯೇ ಅವರೇ ತೋರಿಸಿ ರೇಟು ಇಳಿಸಿದರು.

ಯಾರು ಹೋಗಬೇಕು? ಸಿನಿಮಾ, ಸೀರೀಸ್ ನೋಡಿ ಈಗ ಪುಸ್ತಕಕ್ಕೆ ಬರುತ್ತಿರುವವರು ಖಂಡಿತ ಹೋಗಿ. ನೀವು ಏನೇನು ನೋಡಿದ್ದೀರಿ ಅಂತ ಮೊದಲು ಆ ಹುಡುಗಿಗೆ ಹೇಳಿ, ಆಮೇಲೆ ಪುಸ್ತಕ ಕೇಳಿ. ಹಳೆ ಕಾದಂಬರಿಗಳನ್ನು ಕಳೆದುಕೊಂಡವರು, ಊರು ಬಿಡುವಾಗ ಯಾರಿಗೋ ಕೊಟ್ಟು ಬಂದವರು, ಕೆಳಗಿನ ಹಲಗೆ ನೋಡಲು ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು: ಮಕ್ಕಳ ಚಿತ್ರದ ಪುಸ್ತಕಗಳನ್ನು ಹಲಗೆಯ ಮೇಲೆ ಇಟ್ಟಿಲ್ಲ, ನೆಲದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿವೆ, ಕೇಳಿ ತೆಗೆಸಬೇಕು.

ಬೆಳಗ್ಗೆ ಹತ್ತೂವರೆಗೆ ತೆಗೆಯುತ್ತಾರೆ, ರಾತ್ರಿ ಎಂಟರ ತನಕ. ಶುಕ್ರವಾರ ಮಧ್ಯಾಹ್ನ ನಮಾಜ್‌ಗೆ ಮುಚ್ಚಿರುತ್ತೆ. ಫೋನ್‌ಪೇ ನಡೆಯುತ್ತೆ. ಈ ವಾರ ನೋಡಿದಾಗ ಕೆಳಗಿನ ಹಲಗೆಯಲ್ಲಿ ಥ್ರಾನ್ ಮೂರನೇ ಭಾಗ 'ದಿ ಲಾಸ್ಟ್ ಕಮಾಂಡ್' ಎರಡು ಪ್ರತಿ ಇದ್ದವು. ಒಂದು 120 ರೂಪಾಯಿ. ಇನ್ನೊಂದರ ಕೊನೆಯ ಪುಟಗಳಿಗೆ ನೀರು ಬಿದ್ದಿದೆ, ಅದು 60.